ಮಂಜಿನಲ್ಲಿ ಸಂಕೇತರಕ್ಷಣೆ: ಶ್ರೀರಂಗಪಟ್ಟಣದ ಇರುಳುಗಳಿಂದ ವಿಮಾನ ನಿಲ್ದಾಣದವರೆಗೆ

೧

ಕಣ್ಣಿಗೆ ದಾರಿ ಕಾಣದ ಹೊತ್ತಿನಲ್ಲಿ ಮನುಷ್ಯನು ಸಂಕೇತವನ್ನು ನಂಬಿ ನಡೆಯಬೇಕಾಗುವುದು. ಸಂಕೇತವು ದೊರೆಯದೆ ಹೋದರೆ ಅವನು ನಿಲ್ಲುವನು, ಇಲ್ಲವೆ ಹಿಂದಿರುಗುವನು. ಸಂಕೇತವೇ ಕೆಟ್ಟು ತಪ್ಪುದಾರಿಯನ್ನು ತೋರಿದರೆ ಧೈರ್ಯದಿಂದ ಮುಂದೆ ನಡೆದು ಕೆಡುವನು. ಈ ಎರಡು ಸ್ಥಿತಿಗಳಲ್ಲಿ ಎರಡನೆಯದೇ ಹೆಚ್ಚು ಭಯಂಕರವಾದುದು. ಹಳೆಯ ಕಾಲದ ಯುದ್ಧಚರಿತ್ರೆಯೂ ಈಚಿನ ವಿಮಾನಯಾನದ ಚರಿತ್ರೆಯೂ ಈ ಮಾತನ್ನು ಒಂದೇ ಬಗೆಯಾಗಿ ಸ್ಥಾಪಿಸುತ್ತವೆ. ಮಂಜು ಕವಿದಾಗ ವಿಮಾನ ನಿಲ್ದಾಣಗಳಲ್ಲಿ ಅವತರಣ ಸಂಕೇತಗಳನ್ನು ಕಾಪಾಡುವ ಕ್ರಮವು ಕೇವಲ ಯಂತ್ರಶಾಸ್ತ್ರಕ್ಕೆ ಸೇರಿದ ವಿಷಯವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಆ ಕ್ರಮವು ಒಂದು ದಿನದಲ್ಲಿ ಒಬ್ಬರು ಕಂಡುಹಿಡಿದದ್ದಲ್ಲ. ತೊಂಬತ್ತು ವರ್ಷಗಳಿಗೂ ಮೀರಿದ ಅನುಭವದಿಂದ ಬೆಳೆದುಬಂದದ್ದು. ಆದುದರಿಂದ ಅದರ ಚರಿತ್ರೆಯು ವಿಚಾರಾರ್ಹವಾಗಿದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಪ್ರದೇಶವು ಕಾವೇರಿ, ಹೇಮಾವತಿ, ಲೋಕಪಾವನಿ ನದಿಗಳ ನೆಲ. ಮೂರನೆಯ ಮತ್ತು ನಾಲ್ಕನೆಯ ಮೈಸೂರು ಯುದ್ಧಗಳ ಮುಖ್ಯ ಘಟನೆಗಳು ಇಲ್ಲಿಯೇ ನಡೆದುವು. ಆ ಘಟನೆಗಳಲ್ಲಿ ಮೂರು, ಕಣ್ಣು ಕಾಣದ ವೇಳೆಯಲ್ಲಿ ಗುರಿಯನ್ನು ಸೇರುವ ಕಷ್ಟಕ್ಕೆ ಉತ್ತಮ ನಿದರ್ಶನಗಳಾಗಿವೆ.

ಕ್ರಿ. ಶ. ೧೭೯೧ನೆಯ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಕೆಳಗಡೆ, ಅರಕೆರೆಯ ಬಳಿ ಬೀಡುಬಿಟ್ಟಿದ್ದನು. ಮೇ ೧೪ನೆಯ ರಾತ್ರಿ ಸದ್ದಿಲ್ಲದೆ ನಡೆದು ಟೀಪು ಸುಲ್ತಾನನ ಸೈನ್ಯದ ಮೇಲೆ ಬೀಳಬೇಕೆಂಬುದು ಅವನ ಹಂಚಿಕೆಯಾಗಿದ್ದಿತು. ಆದರೆ ಗುಡುಗು ಸಿಡಿಲುಗಳೊಡನೆ ಮಳೆಯು ಹೊಡೆಯಿತು; ಕತ್ತಲಲ್ಲಿ ದಳಗಳು ಒಂದನ್ನೊಂದು ಅಗಲಿ ದಾರಿ ತಪ್ಪಿದುವು; ಬೆಳಗಾಗುವ ಹೊತ್ತಿಗೆ ಹಂಚಿಕೆಯ ಗುಟ್ಟು ರಟ್ಟಾಗಿದ್ದಿತು. ಮರುದಿನದ ಹಗಲು ಕಾಳಗದಲ್ಲಿ ಇಂಗ್ಲೀಷರಿಗೆ ಗೆಲುವಾದರೂ ಕೋಟೆಯು ಕೈಸೇರಲಿಲ್ಲ. ಅಲ್ಲಿಂದ ಕನ್ನಂಬಾಡಿಯವರೆಗೆ ಹೋದ ಸೈನ್ಯಕ್ಕೆ ಆಹಾರವಿಲ್ಲದೆ ಎತ್ತುಗಳು ಸತ್ತುವು. ಪಿರಿಯಾಪಟ್ಟಣದ ಕಡೆಯಿಂದ ಬಂದಿದ್ದ ಅಬರ್‌ಕ್ರಾಂಬಿಗೆ ಹಿಂದಿರುಗುವಂತೆ ಆಜ್ಞೆ ಹೋಯಿತು. ಮೇ ೨೨ರಂದು ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ಇಂಗ್ಲೀಷರು ತಾವೇ ನಾಶಪಡಿಸಿಕೊಂಡರು.

ಮೇ ೨೬ರಂದು ಈ ಸೈನ್ಯವು ಹಿಂದಕ್ಕೆ ಹೊರಟು ಮೇಲುಕೋಟೆಯ ದಿಕ್ಕಿಗೆ ನಡೆಯುತ್ತಿರುವಾಗ ಪಕ್ಕದಲ್ಲಿ ಒಂದು ಕುದುರೆಯ ದಂಡು ಕಾಣಿಸಿಕೊಂಡಿತು. ಅದು ಟೀಪುವಿನ ದಂಡೆಂದು ಬಗೆದು ಇಂಗ್ಲೀಷರು ಕಾದಾಟಕ್ಕೆ ಅಣಿಯಾದರು. ಅಷ್ಟರಲ್ಲಿ ಸವಾರನೊಬ್ಬನು ಮುಂದೆ ಬಂದು ತಾವು ಮರಾಠರೆಂದು ಕೂಗಿ ಹೇಳಿದನು. ಪರಶುರಾಮ ಭಾವು ಮತ್ತು ಹರಿಪಂತರ ಸೈನ್ಯಗಳು ಧಾನ್ಯಸಮೇತ ಸಮೀಪಕ್ಕೆ ಬಂದಿದ್ದರೂ ಆ ಸುದ್ದಿಯು ಕಾರ್ನ್‌ವಾಲಿಸನಿಗೆ ಮುಟ್ಟಿರಲಿಲ್ಲ; ಮೈಸೂರಿನ ಚುರುಕಾದ ಸವಾರರು ನಡುವಿನ ಹರಕಾರರನ್ನೆಲ್ಲ ತಡೆದಿದ್ದರು. ಕೆಲವೇ ದಿನ ಮುಂಚೆ ಸುದ್ದಿಯು ಸಿಕ್ಕಿದ್ದರೆ ಫಿರಂಗಿಗಳನ್ನು ಒಡೆಯಬೇಕಾಗಿರಲಿಲ್ಲ. ಸಂಕೇತದ ದಾರಿಯನ್ನು ಕಾಪಾಡದ ಸೈನ್ಯಕ್ಕೆ ಮಿತ್ರನೂ ಶತ್ರುವಿನಂತೆ ಕಾಣುವನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ಎರಡನೆಯ ಘಟನೆಯು ೧೭೯೨ನೆಯ ಫೆಬ್ರವರಿ ೬ರ ರಾತ್ರಿಯದು. ಫ್ರೆಂಚ್ ರಾಕ್ಸ್ ಎಂದು ಹೆಸರಾಗಿದ್ದ ಇಂದಿನ ಪಾಂಡವಪುರದ ಬಳಿಯ ಬೀಡಿನಿಂದ ಮೂರು ದಳಗಳು ಬೆಳುದಿಂಗಳಲ್ಲಿ ಹೊರಟುವು. ಜನರಲ್ ಮೆಡೋಸನ ಬಲದಳವು ಹಂಚಿಕೆಯಲ್ಲಿಲ್ಲದ ಈದ್ಗಾ ಬುರುಜಿಗೆ ಹೋಗಿ ಸಿಕ್ಕಿಕೊಂಡು, ಬಹುಮಂದಿಯನ್ನು ಕಳೆದುಕೊಂಡು, ಬಳಿಕ ನಡುದಳವನ್ನು ಸೇರಲು ಹೊರಟು ಅದನ್ನು ಕಾಣದೆ ಕರಿಘಟ್ಟದ ಕಡೆಗೆ ಹೋಯಿತು. ಮೂರನೆಯದು ೧೭೯೯ನೆಯ ಏಪ್ರಿಲ್ ೫ರ ರಾತ್ರಿ ಸುಲ್ತಾನಪೇಟೆಯ ತೋಪಿನಲ್ಲಿ ನಡೆದದ್ದು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಪ್ರಸಿದ್ಧನಾದ ಕರ್ನಲ್ ವೆಲ್ಲೆಸ್ಲಿಯು ಕಗ್ಗತ್ತಲೆಯ ಆ ತೋಪಿನೊಳಕ್ಕೆ ನುಗ್ಗಿ, ದಿಕ್ಕು ತಪ್ಪಿ, ತನ್ನವರಲ್ಲಿ ಕೆಲವರನ್ನು ಸೆರೆಗೆ ಕೊಟ್ಟು ಹಿಂದಿರುಗಿದನು. ಮರುದಿನ ಹಗಲು ಬೆಳಕಿನಲ್ಲಿ ಅದೇ ತೋಪು ಸುಲಭವಾಗಿ ವಶವಾಯಿತು. ಹಗಲಿನಲ್ಲಿ ನೋಡಿ ತಿಳಿಯದ ನೆಲೆಯ ಮೇಲೆ ಇರುಳಿನಲ್ಲಿ ಬೀಳಬಾರದೆಂಬ ಪಾಠವನ್ನು ಅವನು ಮುಂದೆ ಮರೆಯಲಿಲ್ಲ.

ಈ ಮೂರು ಪ್ರಸಂಗಗಳಲ್ಲಿಯೂ ಪಡೆಗೆ ಶೌರ್ಯವು ಸಾಲದೆ ಬರಲಿಲ್ಲ. ದಾರಿ ತೋರುವ ನಂಬುಗೆಯ ಗುರುತೊಂದು ಸಾಲದೆ ಬಂದಿತು. ಒಂದೂವರೆ ಶತಮಾನವು ಕಳೆಯುವುದರೊಳಗೆ ಅದೇ ಕೊರತೆಯು ಆಕಾಶಮಾರ್ಗದಲ್ಲಿ ತಲೆದೋರಿತು.

೨

ವಿಮಾನವು ಹಾರಲು ಕಲಿತ ಮೊದಲ ಇಪ್ಪತ್ತೈದು ವರ್ಷಗಳಲ್ಲಿ ಮಂಜೇ ಅದರ ದೊಡ್ಡ ವೈರಿಯಾಗಿದ್ದಿತು. ೧೯೨೯ನೆಯ ಸೆಪ್ಟೆಂಬರ್ ೨೪ರಂದು ಅಮೆರಿಕದ ಜೇಮ್ಸ್ ಡೂಲಿಟಲನು ನ್ಯೂಯಾರ್ಕಿನ ಬಳಿಯ ಮಿಚೆಲ್ ಮೈದಾನದಲ್ಲಿ, ಹೊರಗಣ ನೋಟವನ್ನು ಮುಸುಕಿನಿಂದ ಮುಚ್ಚಿಕೊಂಡು, ಉಪಕರಣಗಳ ಮುಳ್ಳುಗಳನ್ನು ಮಾತ್ರ ನೋಡುತ್ತ ವಿಮಾನವನ್ನು ಏರಿಸಿ, ಸುತ್ತುಹಾಕಿಸಿ, ಇಳಿಸಿದನು. ಕಣ್ಣಿಲ್ಲದೆ ಇಳಿಯುವುದು ಸಾಧ್ಯವೆಂದು ಅಂದು ಸಿದ್ಧವಾಯಿತು.

ಅದೇ ಕಾಲಕ್ಕೆ ಜರ್ಮನಿಯಲ್ಲಿ ಲಾರೆಂಜ್ ಕಂಪೆನಿಯು ರೇಡಿಯೋ ಅಲೆಗಳ ಒಂದು ದಾರಿಯನ್ನು ನಿರ್ಮಿಸಿತು. ಓಡುಹಾದಿಯ ನೇರದಿಂದ ಒಂದು ಪಕ್ಕಕ್ಕೆ ಸರಿದರೆ ಪೈಲಟನ ಕಿವಿಗೆ ಚುಕ್ಕೆಯಂತಹ ಗಿಡ್ಡ ಸದ್ದುಗಳೂ, ಇನ್ನೊಂದು ಪಕ್ಕಕ್ಕೆ ಸರಿದರೆ ಗೆರೆಯಂತಹ ಉದ್ದ ಸದ್ದುಗಳೂ ಕೇಳಿಸುತ್ತಿದ್ದುವು. ನಡುದಾರಿಯಲ್ಲಿ ಎರಡೂ ಕೂಡಿ ಒಂದೇ ಎಡೆಬಿಡದ ನಾದವಾಗುತ್ತಿದ್ದಿತು. ಅಮೆರಿಕದಲ್ಲಿ ಬೆಳೆದ ಪದ್ಧತಿಯು ಕಿವಿಯ ಬದಲು ಮುಳ್ಳನ್ನು ಅವಲಂಬಿಸಿತು. ೧೯೩೮ನೆಯ ಜನವರಿ ೨೬ರಂದು ವಾಷಿಂಗ್ಟನ್ನಿನಿಂದ ಪಿಟ್ಸ್‌ಬರ್ಗಿಗೆ ಹೋದ ಪ್ರಯಾಣಿಕ ವಿಮಾನವೊಂದು ಹಿಮದ ಬಿರುಗಾಳಿಯಲ್ಲಿ ಈ ಪದ್ಧತಿಯ ನೆರವಿನಿಂದ ಇಳಿಯಿತು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ, ೧೯೪೯ರಲ್ಲಿ, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಇದನ್ನೇ ಲೋಕಕ್ಕೆಲ್ಲ ಒಂದು ಮಾನವಾಗಿ ಅಂಗೀಕರಿಸಿತು. ಐ. ಎಲ್. ಎಸ್. ಎಂಬ ಮೂರಕ್ಷರಗಳಿಂದ ಇಂದು ಪ್ರಸಿದ್ಧವಾಗಿರುವುದು ಈ ಪದ್ಧತಿಯೇ.

ಇದರ ತತ್ತ್ವವು ಸರಳವಾದುದು. ಓಡುಹಾದಿಯ ಆಚೆ ತುದಿಯ ಹಿಂದೆ ಸಾಲಾಗಿ ನಿಂತ ಆಂಟೆನಾಗಳಿಗೆ ಲೋಕಲೈಸರ್ ಎಂದು ಹೆಸರು. ಅದು ೧೦೮ರಿಂದ ೧೧೨ ಮೆಗಾಹರ್ಟ್ಸ್‌ವರೆಗಿನ ಅಲೆಗಳನ್ನು ಕಳುಹಿಸುವುದು. ಇಳಿಯಬರುವ ವಿಮಾನದ ಎಡಗಡೆಯಲ್ಲಿ ಸೆಕೆಂಡಿಗೆ ೯೦ ಕಂಪನಗಳ ಸ್ವರವೂ ಬಲಗಡೆಯಲ್ಲಿ ೧೫೦ ಕಂಪನಗಳ ಸ್ವರವೂ ಪ್ರಬಲವಾಗಿರುವುವು. ಎರಡೂ ಸಮವಾದಲ್ಲಿ ನಡುಗೆರೆ. ಓಡುಹಾದಿಯ ಪಕ್ಕದಲ್ಲಿ, ವಿಮಾನವು ನೆಲ ಮುಟ್ಟುವ ಎಡೆಯ ಹತ್ತಿರ, ಗ್ಲೈಡ್ ಪಾತ್ ಎಂಬ ಇನ್ನೊಂದು ಕಂಬವಿದ್ದು, ಅದೇ ಎರಡು ಸ್ವರಗಳಿಂದ ಸುಮಾರು ೩ ಡಿಗ್ರಿಯ ಇಳಿಜಾರನ್ನು ತೋರಿಸುವುದು. ಮಂಜಿನ ಹನಿಗಳು ಬೆಳಕನ್ನು ಚದರಿಸುವುವು. ಮೀಟರಿನಷ್ಟು ಉದ್ದವಾದ ಈ ಅಲೆಗಳಿಗೆ ಅವು ಅಡ್ಡಿಯಾಗಲಾರವು. ಆದುದರಿಂದಲೇ ಕಣ್ಣು ಸೋತಲ್ಲಿ ರೇಡಿಯೋ ಗೆಲ್ಲುವುದು.

ಆದರೆ ಬೆಳಕು ಕನ್ನಡಿಯಿಂದ ಮರಳುವಂತೆ ಈ ಅಲೆಗಳು ಲೋಹದಿಂದ ಮರಳುವುವು. ಗ್ಲೈಡ್ ಪಾತ್ ಕಂಬವಂತೂ ತನ್ನ ಮುಂದಿನ ನೆಲದಿಂದ ಪ್ರತಿಫಲಿಸಿದ ಅಲೆಯನ್ನು ಕೂಡಿಸಿಕೊಂಡೇ ತನ್ನ ಇಳಿಜಾರನ್ನು ರಚಿಸುವುದು. ನೆಲವು ಇಲ್ಲಿ ಯಂತ್ರದ ಒಂದು ಅಂಗ. ಅಲ್ಲಿ ಒಂದು ಲಾರಿ ನಿಂತರೂ ಇಳಿಜಾರು ಬಾಗಬಹುದು.

೩

ಅವತರಣದ ಅಲೆಯನ್ನು ಕೆಡಿಸಬಹುದೆಂಬುದು ಮೊದಲು ಪ್ರಸಿದ್ಧವಾದದ್ದು ಯುದ್ಧದಲ್ಲಿ. ಲಾರೆಂಜ್ ಪದ್ಧತಿಯ ತತ್ತ್ವವನ್ನೇ ದೂರಕ್ಕೆ ವಿಸ್ತರಿಸಿ ಜರ್ಮನರು ಇಂಗ್ಲೆಂಡಿನ ಪಟ್ಟಣಗಳ ಮೇಲೆ ರಾತ್ರಿಯಲ್ಲಿ ಬಾಂಬುಗಳನ್ನು ಹಾಕಲು ದಾರಿಗಳನ್ನು ಕಟ್ಟಿಕೊಂಡರು. ೧೯೪೦ನೆಯ ಜೂನ್ ತಿಂಗಳಲ್ಲಿ ಇಂಗ್ಲೀಷರು ಆ ಅಲೆಗಳನ್ನು ಆಕಾಶದಲ್ಲಿ ಪತ್ತೆಮಾಡಿದರು. ಆರ್. ವಿ. ಜೋನ್ಸ್ ಎಂಬ ತರುಣ ವಿಜ್ಞಾನಿಯು ಈ ಶೋಧನೆಗೆ ಮುಖ್ಯನಾಗಿದ್ದನು. ಬಳಿಕ ಅದೇ ಆವರ್ತದಲ್ಲಿ ತಮ್ಮದೂ ಒಂದು ಸದ್ದನ್ನು ಬೆರೆಸಿ, ಶತ್ರುವಿನ ಪೈಲಟನಿಗೆ ನಡುದಾರಿಯು ತಿಳಿಯದಂತೆ ಮಾಡಿದರು. ಮೈಸೂರಿನ ಸವಾರರು ಹರಕಾರರನ್ನು ತಡೆದ ಕೆಲಸವು ಇಲ್ಲಿ ಅದೃಶ್ಯವಾದ ಅಲೆಗಳ ನಡುವೆ ನಡೆಯಿತು.

ಶಾಂತಿಯ ಕಾಲದಲ್ಲಿ ಸಂಕೇತವನ್ನು ಕೆಡಿಸುವವರು ಶತ್ರುಗಳಲ್ಲ. ಅದೇ ನಿಲ್ದಾಣದ ವಿಮಾನಗಳೂ ಬಂಡಿಗಳೂ ಕಟ್ಟಡಗಳೂ ಆ ಕೆಲಸ ಮಾಡುವುವು. ಪೈಲಟನು ಕಡೆಯ ೨೦೦ ಅಡಿಯಲ್ಲಿ ಓಡುಹಾದಿಯ ದೀಪಗಳನ್ನು ಕಂಡು ಕೈಯಿಂದ ಇಳಿಸುವವರೆಗೆ ಈ ಕೇಡು ದೊಡ್ಡದಾಗಿ ಕಾಣಲಿಲ್ಲ. ಅಲೆಯು ತುಸು ಅಲುಗಿದರೂ ಕಣ್ಣು ತಿದ್ದುತ್ತಿದ್ದಿತು. ೧೯೪೫ರಲ್ಲಿ ಇಂಗ್ಲೆಂಡಿನಲ್ಲಿ ಕುರುಡವತರಣದ ಪರೀಕ್ಷೆಗಾಗಿ ಒಂದು ವಿಶೇಷ ಘಟಕವು ಸ್ಥಾಪಿತವಾಯಿತು. ಅದರ ದೀರ್ಘ ಪ್ರಯೋಗಗಳ ಫಲವಾಗಿ ೧೯೬೫ನೆಯ ಜೂನ್ ೧೦ರಂದು ಪ್ಯಾರಿಸಿನಿಂದ ಬಂದ ಟ್ರೈಡೆಂಟ್ ವಿಮಾನವೊಂದು ಪ್ರಯಾಣಿಕರ ಸಮೇತ ಲಂಡನ್ನಿನಲ್ಲಿ ಸ್ವಯಂಚಾಲಿತವಾಗಿ ನೆಲ ಮುಟ್ಟಿತು. ಅಂದಿನಿಂದ ಅಲೆಯ ಶುದ್ಧಿಯು ಪ್ರಾಣದ ಪ್ರಶ್ನೆಯಾಯಿತು. ಮನುಷ್ಯನು ಅಲುಗಾಟವನ್ನು ಕಂಡು ಸಂಶಯಪಡುವನು. ಯಂತ್ರವು ಸಂಶಯಪಡದೆ ಅದನ್ನು ಹಿಂಬಾಲಿಸುವುದು.

ಇದಕ್ಕನುಗುಣವಾಗಿ ಅವತರಣಗಳನ್ನು ವರ್ಗಗಳಾಗಿ ವಿಂಗಡಿಸಿದರು. ಒಂದನೆಯ ವರ್ಗದಲ್ಲಿ ಓಡುಹಾದಿಯ ಮೇಲೆ ಸಾಮಾನ್ಯವಾಗಿ ೫೫೦ ಮೀಟರುಗಳಷ್ಟಾದರೂ ಕಣ್ಣು ಹರಿಯಬೇಕು. ಎರಡನೆಯ ವರ್ಗದಲ್ಲಿ ೧೦೦ ಅಡಿಯವರೆಗೆ ಉಪಕರಣವನ್ನೇ ನಂಬಿ ಇಳಿಯಬಹುದು, ೩೦೦ ಮೀಟರು ಕಂಡರೆ ಸಾಕು. ಮೂರನೆಯ ವರ್ಗದ ಬಿ ಎಂಬ ಉಪವರ್ಗದಲ್ಲಿ ೫೦ ಮೀಟರಿನವರೆಗೂ ಇಳಿಯಬಹುದು. ಯಂತ್ರವು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಕಾವಲುಪಕರಣವೂ ಸೇರಿತು. ಮೂರನೆಯ ವರ್ಗದ ಲೋಕಲೈಸರಿನ ಅಲೆಯು ಮಿತಿ ಮೀರಿ ಸರಿದರೆ ಎರಡೇ ಸೆಕೆಂಡುಗಳೊಳಗೆ ಅದು ನಿಂತುಹೋಗಬೇಕು. ತಪ್ಪು ಹೇಳುವುದಕ್ಕಿಂತ ಸುಮ್ಮನಿರುವುದು ಲೇಸೆಂಬುದೇ ಇಲ್ಲಿನ ನ್ಯಾಯ.

ಆದರೆ ಈ ಕಾವಲಿಗೆ ಒಂದು ಮಿತಿಯುಂಟು. ಅದು ಆಂಟೆನಾದ ಬಳಿಯಲ್ಲಿದ್ದು ಹೊರಡುವ ಅಲೆಯನ್ನು ಕಾಯುವುದೇ ಹೊರತು, ಅಲೆಯು ಮುಂದೆ ಹೋಗಿ ವಿಮಾನವೊಂದರ ಬಾಲದ ರೆಕ್ಕೆಗೆ ತಗಲಿ ಬಾಗಿದರೆ ಅದನ್ನು ಕಾಣಲಾರದು. ೧೯೭೦ರಲ್ಲಿ ಬೋಯಿಂಗ್ ೭೪೭ ವಿಮಾನಗಳ ಸಂಚಾರವು ಆರಂಭವಾದಾಗ ಹತ್ತೊಂಬತ್ತು ಮೀಟರುಗಳಿಗೂ ಎತ್ತರವಾದ ಬಾಲಗಳು ನಿಲ್ದಾಣಗಳಲ್ಲಿ ಓಡಾಡತೊಡಗಿದುವು. ೨೦೦೭ರಲ್ಲಿ ಏರ್‌ಬಸ್ ಎ೩೮೦ ಬಂದಾಗ ಬಾಲದ ಎತ್ತರವು ೨೪ ಮೀಟರುಗಳಿಗೆ ಏರಿತು. ಯಂತ್ರದಿಂದ ಪರಿಹಾರವಾಗದ ಈ ತೊಡಕಿಗೆ ನೆಲವನ್ನು ಬರಿದಾಗಿಡುವುದೊಂದೇ ಪರಿಹಾರವಾಯಿತು.

ಆಂಟೆನಾಗಳ ಸುತ್ತಣ ನೆಲವನ್ನು ಎರಡು ವಲಯಗಳಾಗಿ ಗುರುತಿಸಿದರು. ಒಳಗಿನ ಸಂದಿಗ್ಧ ವಲಯದಲ್ಲಿ, ಐ. ಎಲ್. ಎಸ್. ಅನ್ನು ಬಳಸುವ ಕಾಲದಲ್ಲೆಲ್ಲ, ಯಾವ ಬಂಡಿಯೂ ವಿಮಾನವೂ ಇರಕೂಡದು. ಹೊರಗಿನ ಸೂಕ್ಷ್ಮ ವಲಯವು ಇನ್ನೂ ವಿಶಾಲವಾದುದು; ಗೋಚರತೆಯು ಕುಂದಿದಾಗ ಅದನ್ನೂ ತೆರವು ಮಾಡಬೇಕು. ಆಗ ಹೊರಡಲಿರುವ ವಿಮಾನಗಳು ಎಂದಿನ ಗೆರೆಯ ಬದಲು, ಇನ್ನೂ ಹಿಂದೆ, ಏಣಿಯಾಕಾರದಲ್ಲಿ ಬರೆದ ಹಳದಿ ಗುರುತಿನ ಬಳಿ ನಿಲ್ಲಬೇಕು. ಮುಂದೆ ಇಳಿದ ವಿಮಾನವು ಈ ವಲಯವನ್ನು ದಾಟಿ ಹೋದ ಮೇಲೆಯೇ ಹಿಂದಿನ ವಿಮಾನಕ್ಕೆ ಇಳಿಯಲು ಅಪ್ಪಣೆ. ಮೇಲೇರುವ ವಿಮಾನವು ಲೋಕಲೈಸರನ್ನು ದಾಟಿ ಹಾರಿಹೋಗಿರಬೇಕು. ಆದಕಾರಣ ಮಂಜಿನ ಹೊತ್ತಿನಲ್ಲಿ ಎರಡು ವಿಮಾನಗಳ ನಡುವಣ ಅಂತರವು ಹೆಚ್ಚುವುದು. ಗಂಟೆಗೆ ಇಳಿಯುವ ವಿಮಾನಗಳ ಸಂಖ್ಯೆಯು ಕುಗ್ಗುವುದು. ಆಕಾಶದಲ್ಲಿ ಕಾದು ಸುತ್ತುವ ಪ್ರಯಾಣಿಕನು ಮಂಜನ್ನು ಹಳಿಯುವನು. ಅವನ ವಿಳಂಬದ ಒಂದು ಭಾಗವು ಅವನ ಮುಂದಿರುವ ಅಲೆಯು ನೆಟ್ಟಗಿರಲೆಂದು ಕೊಡುವ ಬೆಲೆಯೆಂಬುದು ಅವನಿಗೆ ತಿಳಿಯದು.

೪

ಈ ಬೆಲೆಯನ್ನು ಕೊಡದಿದ್ದರೆ ಏನಾಗಬಹುದೆಂಬುದಕ್ಕೆ ೨೦೧೧ನೆಯ ನವೆಂಬರ್ ೩ರಂದು ಜರ್ಮನಿಯ ಮ್ಯೂನಿಕ್ ನಿಲ್ದಾಣದಲ್ಲಿ ನಡೆದ ಘಟನೆಯು ಸಾಕ್ಷಿಯಾಗಿದೆ. ಸಿಂಗಪುರದ ಏರ್‌ಲೈನ್ಸಿಗೆ ಸೇರಿದ ಬೋಯಿಂಗ್ ೭೭೭ ವಿಮಾನವೊಂದು ಸ್ವಯಂಚಾಲಿತವಾಗಿ ಇಳಿಯುತ್ತಿದ್ದಿತು. ಅಂದು ಹವೆಯು ಮಂದವಾಗಿದ್ದರೂ ಕಡಿಮೆ ಗೋಚರತೆಯ ವಿಧಿಗಳು ಜಾರಿಗೆ ಬರುವಷ್ಟು ಕೆಟ್ಟಿರಲಿಲ್ಲ; ಆದುದರಿಂದ ಸೂಕ್ಷ್ಮ ವಲಯಕ್ಕೆ ರಕ್ಷಣೆಯೂ ಇರಲಿಲ್ಲ. ಇದೇ ಓಡುಹಾದಿಯಿಂದ ಸಣ್ಣ ಜೆಟ್ ವಿಮಾನವೊಂದು ಮೇಲೆದ್ದು ಲೋಕಲೈಸರ್ ಆಂಟೆನಾದ ಮೇಲೆ ಹಾರಿತು. ಅಲೆಯು ಕ್ಷಣಕಾಲ ಬಾಗಿತು. ನೆಲಕ್ಕೆ ಕೆಲವೇ ಅಡಿಗಳಿದ್ದ ದೊಡ್ಡ ವಿಮಾನದ ಸ್ವಯಂಚಾಲಕವು ಆ ಬಾಗನ್ನು ನಿಜವೆಂದು ನಂಬಿ ಎಡಕ್ಕೆ ತಿರುಗಿತು. ವಿಮಾನವು ನೆಲ ಮುಟ್ಟಿ, ಎಡಗಡೆಯ ಹುಲ್ಲಿಗೆ ಹೋಗಿ, ಮತ್ತೆ ಓಡುಹಾದಿಯನ್ನು ಅಡ್ಡವಾಗಿ ದಾಟಿ ಬಲಗಡೆಯ ಹುಲ್ಲಿನ ಮೇಲೆ ನಿಂತಿತು. ದೈವವಶದಿಂದ ಯಾರಿಗೂ ಗಾಯವಾಗಲಿಲ್ಲ.

ಇಲ್ಲಿ ಯಂತ್ರವೂ ಕೆಟ್ಟಿರಲಿಲ್ಲ, ಮಂಜೂ ಹೆಚ್ಚಾಗಿರಲಿಲ್ಲ. ಮಂಜು ದಟ್ಟವಾಗಿದ್ದರೆ ವಿಧಿಗಳು ಜಾರಿಯಲ್ಲಿದ್ದು ಸಣ್ಣ ವಿಮಾನವು ಅಷ್ಟು ಸಮೀಪದಲ್ಲಿ ಏರುತ್ತಲೇ ಇರಲಿಲ್ಲ. ಹವೆಯು ಸಾಕಷ್ಟು ಚೆನ್ನಾಗಿದ್ದುದೇ ಅಪಾಯಕ್ಕೆ ಎಡೆಯಾಯಿತು. ರಕ್ಷಣೆಯುಂಟೆಂದು ಬಗೆದು ನಡೆಯುವವನಿಗೂ ರಕ್ಷಣೆಯಿಲ್ಲವೆಂದು ಬಲ್ಲವನಿಗೂ ನಡುವೆ ಸುದ್ದಿಯು ಮುಟ್ಟದಿರುವುದೇ ಇಂತಹ ಅನರ್ಥಗಳ ಮೂಲ. ೧೭೯೧ರಲ್ಲಿ ಮೇಲುಕೋಟೆಯ ದಾರಿಯಲ್ಲಿ ಕಂಡುಬಂದದ್ದೂ ಇದೇ.

೫

ಕರ್ನಾಟಕದಲ್ಲಿ ಈ ವಿದ್ಯೆಯ ಚರಿತ್ರೆಯು ಈಚಿನದು. ಮೈಸೂರು ಸಂಸ್ಥಾನದ ಸಹಾಯದಿಂದ ೧೯೪೦ನೆಯ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ಸ್ಥಾಪಿತವಾಯಿತು. ಅದರ ಮೈದಾನವೇ ಮುಂದೆ ನಗರದ ವಿಮಾನ ನಿಲ್ದಾಣವೂ ಆಯಿತು. ಶ್ರೀರಂಗಪಟ್ಟಣಕ್ಕೆ ಸಮೀಪದ ಮಂಡಕಳ್ಳಿಯ ಮೈದಾನವೂ ಸಂಸ್ಥಾನದ ಕಾಲದ್ದೇ. ಪ್ರಯಾಣಿಕ ವಿಮಾನಗಳ ಸಂಚಾರವು ಅಲ್ಲಿ ೨೦೧೦ನೆಯ ಅಕ್ಟೋಬರಿನಲ್ಲಿ ಹೊಸದಾಗಿ ಆರಂಭವಾಯಿತು. ದೇವನಹಳ್ಳಿಯ ಬಳಿಯ ನಿಲ್ದಾಣವು ೨೦೦೮ನೆಯ ಮೇ ೨೪ರಂದು ಕೆಲಸಕ್ಕೆ ತೊಡಗಿತು.

ದೇವನಹಳ್ಳಿಯು ಬಯಲು ಸೀಮೆಯ ಎತ್ತರದ ನೆಲ. ಚಳಿಗಾಲದ ನಸುಕಿನಲ್ಲಿ ಅಲ್ಲಿ ಮಂಜು ಕವಿದು, ಹೊತ್ತೇರಿದ ಮೇಲೆ ಕರಗುವುದು. ಒಂದನೆಯ ವರ್ಗದ ಉಪಕರಣವಿದ್ದ ಕಾಲದಲ್ಲಿ ೫೫೦ ಮೀಟರುಗಳಿಗೆ ನೋಟವು ಕುಗ್ಗಿತೆಂದರೆ ವಿಮಾನಗಳು ಬೇರೆ ಊರುಗಳಿಗೆ ತಿರುಗಬೇಕಾಗುತ್ತಿದ್ದಿತು. ೨೦೧೯ನೆಯ ಡಿಸೆಂಬರ್ ೬ರಂದು ಎರಡನೆಯ ಓಡುಹಾದಿಯು ತೆರೆಯಿತು. ೨೦೨೦-೨೧ರ ಚಳಿಗಾಲದಲ್ಲಿ ಅದಕ್ಕೆ ಮೂರನೆಯ ವರ್ಗದ ಬಿ ಉಪವರ್ಗದ ಅರ್ಹತೆಯು ದೊರೆತು, ೫೦ ಮೀಟರು ನೋಟದಲ್ಲಿ ಇಳಿಯಲೂ ೧೨೫ ಮೀಟರು ನೋಟದಲ್ಲಿ ಏರಲೂ ಅನುಕೂಲವಾಯಿತು. ದಕ್ಷಿಣ ಭಾರತದಲ್ಲಿ ಇಂತಹ ಅರ್ಹತೆಯನ್ನು ಮೊದಲು ಪಡೆದದ್ದು ಇದೇ ಓಡುಹಾದಿ. ೨೦೨೨ನೆಯ ಅಕ್ಟೋಬರಿನಿಂದ ದುಬೈಯ ಎ೩೮೦ ವಿಮಾನವು ಇಲ್ಲಿಗೆ ಬರತೊಡಗಿದುದರಿಂದ, ೨೪ ಮೀಟರಿನ ಬಾಲವು ಅಲೆಗೆ ಅಡ್ಡಬರುವ ಪ್ರಶ್ನೆಯೂ ಕನ್ನಡನಾಡಿನ ನೆಲದ ಪ್ರಶ್ನೆಯಾಯಿತು.

ಅದೇ ವರ್ಷದ ನವೆಂಬರಿನಲ್ಲಿ ಇನ್ನೊಂದು ಬಗೆಯ ರಕ್ಷಣೆಯು ಅವಶ್ಯವಾಯಿತು. ಸ್ವಯಂಚಾಲಿತ ಅವತರಣದ ಕಡೆಯ ಗಳಿಗೆಯಲ್ಲಿ ವಿಮಾನವು ತನ್ನ ಎತ್ತರವನ್ನು ೪.೨ರಿಂದ ೪.೪ ಗಿಗಾಹರ್ಟ್ಸ್‌ವರೆಗಿನ ರೇಡಿಯೋ ಮಾಪಕದಿಂದ ಅಳೆಯುವುದು. ಹೊಸ ೫ಜಿ ದೂರವಾಣಿಯ ಅಲೆಗಳು ಇದಕ್ಕೆ ನೆರೆಯಾಗಿ ಬಂದುವು. ಆದಕಾರಣ ಭಾರತ ಸರ್ಕಾರದ ದೂರಸಂಪರ್ಕ ಇಲಾಖೆಯು ಬೆಂಗಳೂರು ಮೊದಲಾದ ಐದು ನಿಲ್ದಾಣಗಳಲ್ಲಿ, ಓಡುಹಾದಿಯ ಎರಡು ತುದಿಗಳಿಂದ ೨.೧ ಕಿಲೋಮೀಟರು, ನಡುಗೆರೆಯಿಂದ ೯೧೦ ಮೀಟರುಗಳೊಳಗೆ ಆ ಅಲೆಯ ಗೋಪುರಗಳು ಇರಕೂಡದೆಂದು ವಿಧಿಸಿತು. ಬರಿದಾಗಿಡಬೇಕಾದ ನೆಲವು ನಿಲ್ದಾಣದ ಬೇಲಿಯನ್ನೂ ದಾಟಿ ಬೆಳೆದುದಕ್ಕೆ ಇದು ಸಾಕ್ಷಿ.

ಸಂಕೇತವು ಎಷ್ಟು ಶುದ್ಧವಾಗಿದ್ದರೂ ಅದನ್ನು ಸೇರುವ ಕ್ರಮವು ತಪ್ಪಿದರೆ ಫಲವಿಲ್ಲವೆಂಬುದನ್ನು ಮಂಗಳೂರಿನ ದುರಂತವು ತೋರಿಸಿತು. ೨೦೧೦ನೆಯ ಮೇ ೨೨ರಂದು ಬಜಪೆಯಲ್ಲಿ ೧೫೮ ಮಂದಿ ಮಡಿದರು. ಎಂಟು ಮಂದಿ ಉಳಿದರು. ಅಂದು ನೋಟವು ಚೆನ್ನಾಗಿದ್ದಿತು. ವಿಮಾನವು ನಿಯತ ಇಳಿಜಾರಿಗಿಂತ ಬಹಳ ಮೇಲಿನಿಂದ ಬಂದು, ಓಡುಹಾದಿಯ ಬಹುಭಾಗವನ್ನು ಕಳೆದ ಮೇಲೆ ನೆಲ ಮುಟ್ಟಿತು. ಮತ್ತೆ ಮೇಲೇರದೆ ಇಳಿಯುವುದನ್ನು ಮುಂದುವರಿಸಿದ್ದೇ ಮುಖ್ಯ ಕಾರಣವೆಂದು ವಿಚಾರಣಾ ಮಂಡಲಿಯು ನಿರ್ಣಯಿಸಿತು. ನಂಬತಕ್ಕ ಗುರುತಿನ ಮೇಲೆ ನಡೆ ನಿಲ್ಲದಿದ್ದರೆ ಹಿಂದಿರುಗಬೇಕೆಂಬುದೇ ಇಲ್ಲಿಯೂ ಮೂಲ ವಿಧಿ.

೬

ಈಚೆಗೆ ಉಪಗ್ರಹಗಳ ನೆರವಿನಿಂದ ಇಳಿಯುವ ಪದ್ಧತಿಯೂ ಬಂದಿದೆ. ಭಾರತದ ಗಗನ್ ವ್ಯವಸ್ಥೆಯನ್ನು ಬಳಸಿ ೨೦೨೨ನೆಯ ಏಪ್ರಿಲ್ ೨೮ರಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಪ್ರಯಾಣಿಕ ಸಂಸ್ಥೆಯೊಂದರ ವಿಮಾನವು ಇಳಿಯಿತು. ಅಲ್ಲಿ ಕಾಯಬೇಕಾದ ಆಂಟೆನಾ ಸಾಲಿಲ್ಲ. ಆದರೆ ಉಪಗ್ರಹದಿಂದ ಬರುವ ಅಲೆಯು ಅತಿ ಕ್ಷೀಣವಾದುದು; ಅದನ್ನು ಅಡಗಿಸುವುದೂ ಅನುಕರಿಸಿ ಮೋಸಗೊಳಿಸುವುದೂ ಸುಲಭ. ಕಾವಲಿನ ಎಡೆಯು ಬದಲಾದೀತು, ಕಾವಲು ತಪ್ಪದು.

ಮೇಲಣ ವೃತ್ತಾಂತದಿಂದ ಎರಡು ಸಂಗತಿಗಳು ಸ್ಪಷ್ಟವಾಗುವುವು. ಮಂಜನ್ನು ಗೆದ್ದ ಕೀರ್ತಿಯನ್ನು ಲೋಕವು ಯಂತ್ರಕ್ಕೆ ಕೊಡುವುದು. ಅದರ ಅರ್ಧವಾದರೂ ಯಂತ್ರದ ಮುಂದೆ ಏನನ್ನೂ ಇಡದೆ ಬಿಟ್ಟ ಬರಿಯ ಬಯಲಿಗೂ, ಆ ಬಯಲನ್ನು ಕಾಯುವ ನಿಲ್ದಾಣದ ಕೆಲಸಗಾರರ ಶಿಸ್ತಿಗೂ ಸಲ್ಲತಕ್ಕದ್ದು. ಎರಡನೆಯದಾಗಿ, ಆ ಬಯಲಿಗೆ ಬೇಡಿಕೆಯು ದಿನದಿನಕ್ಕೆ ಹೆಚ್ಚುತ್ತಿದೆ. ವಿಮಾನಗಳ ಸಂಖ್ಯೆ, ಬಾಲಗಳ ಎತ್ತರ, ಸುತ್ತಣ ಕಟ್ಟಡ, ದೂರವಾಣಿಯ ಗೋಪುರ, ಇವೆಲ್ಲವೂ ಅದನ್ನು ಒತ್ತುತ್ತಿವೆ. ಮಂಜು ಕವಿದ ದಿನ ವಿಧಿಗಳನ್ನು ಪಾಲಿಸುವುದು ಕಷ್ಟವಲ್ಲ. ಆಗ ಎಲ್ಲರಿಗೂ ಭಯವಿರುವುದು. ತಿಳಿಯಾದ ದಿನಗಳಲ್ಲಿ ಅದೇ ನೆಲವನ್ನು ಬಿಟ್ಟುಕೊಡದೆ ಉಳಿಸಿಕೊಳ್ಳುವುದೇ ಕಷ್ಟ. ವೆಲ್ಲೆಸ್ಲಿಯು ಸುಲ್ತಾನಪೇಟೆಯ ತೋಪಿನಲ್ಲಿ ಕಲಿತದ್ದೂ ಇದನ್ನೇ: ಇರುಳಿನ ನಡಿಗೆಗೆ ಬೇಕಾದ ಸಿದ್ಧತೆಯು ಹಗಲಿನಲ್ಲಿಯೇ ಆಗಬೇಕು.